ಆರ್ತಭೃತ್ಯನ ವೇತನ

ರೋಗದಿಂದ ಬಹುಕಾಲ ಕೆಲಸಕ್ಕೆ ಬಾರದ ಭೃತ್ಯನ ವೇತನನಷ್ಟವನ್ನು ಹೊರತಕ್ಕವರಾರು? ಭೃತ್ಯನೋ, ಸ್ವಾಮಿಯೋ, ಸಮುದಾಯವೋ? ಇದು ಇಂದಿನ ಅರ್ಥಶಾಸ್ತ್ರಜ್ಞರ ಪ್ರಶ್ನೆಯೆಂದು ತೋರಿದರೂ ನಮ್ಮ ಪ್ರಾಚೀನರು ಇದನ್ನು ವಿಚಾರಿಸದೆ ಬಿಟ್ಟಿಲ್ಲ. ಈ ಪ್ರಕರಣಗಳಲ್ಲಿ ಬರುವ ‘ಆರ್ತ’ ಶಬ್ದಕ್ಕೆ ದುಃಖಿತನೆಂಬ ಸಾಮಾನ್ಯಾರ್ಥವನ್ನು ಹೇಳದೆ, ಸಂದರ್ಭಬಲದಿಂದ ರೋಗಿಯೆಂದೇ ಗ್ರಹಿಸಬೇಕು.

ಮನುಸ್ಮೃತಿಯ 8ನೆಯ ಅಧ್ಯಾಯದ ಪ್ರಕಾರ, ರೋಗವಿಲ್ಲದೆ ದರ್ಪದಿಂದ ಒಪ್ಪಿದ ಕೆಲಸವನ್ನು ಬಿಟ್ಟವನಿಗೆ ದಂಡವುಂಟು, ವೇತನವಿಲ್ಲ. ಆರ್ತನಾದರೋ ಸ್ವಸ್ಥನಾದ ಮೇಲೆ ಅದನ್ನು ಪೂರೈಸಿದರೆ, ಎಷ್ಟು ಕಾಲ ಕಳೆದಿದ್ದರೂ ವೇತನಕ್ಕೆ ಅರ್ಹನು. ಕೌಟಿಲ್ಯನು ವ್ಯಾಧಿಗ್ರಸ್ತನಿಗೆ ಒಪ್ಪಂದದಿಂದ ಬಿಡುಗಡೆಯನ್ನಾಗಲಿ, ಅನ್ಯರಿಂದ ಕೆಲಸ ಮಾಡಿಸುವ ಅವಕಾಶವನ್ನಾಗಲಿ ಕೊಡುತ್ತಾನೆ. ಇವೆರಡರಲ್ಲಿಯೂ ವೇತನವೆಂಬುದು ಮಾಡಿದ ಕೆಲಸದ ಬೆಲೆ. ಹಾಸಿಗೆ ಹಿಡಿದ ದಿನಗಳ ಅನ್ನಕ್ಕೆ ಅಲ್ಲಿ ದಾರಿಯಿಲ್ಲ.

ಶುಕ್ರನೀತಿಯು ಒಂದು ಹೆಜ್ಜೆ ಮುಂದಿದೆ. ಅರ್ಧಪಕ್ಷದ ರೋಗಕ್ಕೆ ಸ್ವಲ್ಪವೂ ವೇತನವನ್ನು ಕಡಿಯಬಾರದು. ಅದಕ್ಕೆ ಮೀರಿದರೆ ಕಾಲುಭಾಗ ಕಡಮೆ. ದೀರ್ಘರೋಗಿಗೆ ಆರು ತಿಂಗಳ ವೇತನ, ಅದರಿಂದಾಚೆಗೆ ಇಲ್ಲ. ಮಹಾಗುಣವಂತನಿಗೆ ಮಾತ್ರ ಸದಾ ಅರ್ಧವೇತನ. ಈ ಗ್ರಂಥವು ಬಹು ಅರ್ವಾಚೀನವೆಂದು ಕೆಲವು ವಿದ್ವಾಂಸರ ಮತವಾದುದರಿಂದ ಇದರ ಪ್ರಾಚೀನತೆಯನ್ನು ಸಾರುವುದು ಉಚಿತವಲ್ಲ. ಆದರೂ ಇದರಲ್ಲಿಯ ತತ್ತ್ವ ಸ್ಪಷ್ಟವಾಗಿದೆ: ರೋಗವು ಬೆಳೆದಂತೆ ಸಹಾಯವು ಕುಗ್ಗುತ್ತದೆ.

ಇದಕ್ಕೆ ಕಾರಣ ನಿರ್ದಯತೆಯಲ್ಲ, ಸ್ವಾಮಿಯೊಬ್ಬನ ಬೊಕ್ಕಸದ ಮಿತಿ. ರೋಗಿಗೂ ಅವನ ಪ್ರತಿನಿಧಿಗೂ ಇಮ್ಮಡಿ ವೇತನವನ್ನು ಒಬ್ಬನೇ ಬಹುಕಾಲ ತೆರಲಾರನು. ಸಾಮಾನ್ಯ ಭೃತ್ಯನು ಏಳನೆಯ ತಿಂಗಳಿನಲ್ಲಿ ನಿರಾಶ್ರಯನಾಗುವುದು ಇದರ ಫಲ.

ಭಾರತದ 1948ರ ನೌಕರರ ರಾಜ್ಯ ವಿಮಾ ಕಾಯಿದೆಯನ್ನು ಇದರೊಡನೆ ಹೋಲಿಸಬೇಕು. 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಆರಂಭವಾದ ಆ ಯೋಜನೆಯಲ್ಲಿ ಮಾಲಿಕರೂ ಕಾರ್ಮಿಕರೂ ಸೇರಿ ವಂತಿಗೆ ಕೊಡುತ್ತಾರೆ. 2019ರಲ್ಲಿ ಗೊತ್ತುಮಾಡಿದ ವಂತಿಗೆಯು ವೇತನದಲ್ಲಿ ಮಾಲಿಕನಿಂದ ಶೇಕಡಾ 3.25, ಕಾರ್ಮಿಕನಿಂದ 0.75. ಸಾಮಾನ್ಯರೋಗಕ್ಕೆ ವರ್ಷದಲ್ಲಿ 91 ದಿನಗಳವರೆಗೆ ಶೇಕಡಾ 70ರಷ್ಟು ವೇತನವನ್ನೂ, ಕ್ಷಯವೇ ಮೊದಲಾದ ಗೊತ್ತಾದ ದೀರ್ಘರೋಗಗಳಿಗೆ ಎರಡು ವರ್ಷಗಳವರೆಗೆ ಶೇಕಡಾ 80ರಷ್ಟನ್ನೂ ಅದು ಕಲ್ಪಿಸಿತು. ಇಲ್ಲಿ ಕ್ರಮವೇ ತಿರುಗಿದೆ: ರೋಗವು ದೀರ್ಘವಾದರೆ ಸಹಾಯವು ಹೆಚ್ಚುತ್ತದೆ. ಲಕ್ಷಾಂತರ ಮಂದಿಯಲ್ಲಿ ಒಂದು ಕಾಲಕ್ಕೆ ರೋಗಿಗಳಾಗುವವರು ಕೆಲವರೇ ಆದುದರಿಂದ, ಒಬ್ಬನಿಗೆ ಅಸಾಧ್ಯವಾದ ಭಾರವು ಎಲ್ಲರಿಗೂ ಹಗುರವಾಗುತ್ತದೆ.

ಆರ್ತನಾರು, ಅನಾರ್ತನಾರು ಎಂದು ನಿರ್ಣಯಿಸುವ ಹೊಣೆಯು ವೈದ್ಯನ ಪ್ರಮಾಣಪತ್ರಕ್ಕೆ ಬಂದಿದೆ; ಮನುವಿನ ಆ ವಿಭಾಗ ಇಂದಿಗೂ ಬೇಕು. ಆದರೆ ಗುಣವಂತನಿಗೆ ಮಾತ್ರ ಮೀಸಲಾಗಿದ್ದ ಆಶ್ರಯವು ವಂತಿಗೆದಾರರೆಲ್ಲರ ಹಕ್ಕಾದುದೇ ಎರಡು ವ್ಯವಸ್ಥೆಗಳ ನಡುವಣ ಮುಖ್ಯ ಭೇದವೆಂದು ತಿಳಿಯಬೇಕು.