ಚಿತ್ರಾನ್ನದ ತಟ್ಟೆಯಿಂದ ಪೋಸ್ಟರ್‌ಗೆ ಬಣ್ಣ

ಪೋಸ್ಟರ್ ಮಾಡೋಕೆ ಕೂತಿದ್ದೀರಾ?
ಯಾವ ಬಣ್ಣದ ಪಕ್ಕ ಯಾವ ಬಣ್ಣ ಅಂತ
ತಲೆ ಕೆಡ್ತಿದೆಯಾ?

ಲ್ಯಾಪ್‌ಟಾಪ್ ಪಕ್ಕಕ್ಕಿಡಿ.
ಚಿತ್ರಾನ್ನ ಮಾಡೋಣ.
ಹಾಲು, ಮೊಸರು, ತುಪ್ಪ ಯಾವುದೂ ಬೇಡ.
ಪೂರ್ತಿ ವೀಗನ್!

ಎಣ್ಣೆ ಕಾಯಲಿ.
ಸಾಸಿವೆ ಚಟಪಟ ಅಂದ್ಮೇಲೆ
ಕಡಲೇಬೀಜ, ಕಡಲೆಬೇಳೆ ಹಾಕಿ.
ಕೆಂಪಗಾಗ್ತಿದ್ದ ಹಾಗೆ
ಒಣಮೆಣಸಿನಕಾಯಿ, ಕರಿಬೇವು.

ಈಗ ಅರಿಶಿನ. ಎಣ್ಣೆಗೇ ಹಾಕಿ.
ಯಾಕೆ ಗೊತ್ತಾ?
ಅರಿಶಿನದ ಹಳದಿ ನೀರಲ್ಲಿ ಸರಿಯಾಗಿ ಕರಗಲ್ಲ,
ಎಣ್ಣೆಯಲ್ಲಿ ಕರಗುತ್ತೆ.
ಅದಕ್ಕೇ ಪ್ರತಿ ಅಗುಳಿಗೂ
ಒಂದೇ ಸಮ ಬಣ್ಣ ಹತ್ತುತ್ತೆ.

ಉದುರುದುರಾದ ಅನ್ನ, ಉಪ್ಪು ಬೆರೆಸಿ.
ಒಲೆ ಆರಿಸಿದ ಮೇಲೇ ನಿಂಬೆರಸ.
ಮೊದಲೇ ಹಿಂಡಿದ್ರೆ ಕಹಿ ಬರುತ್ತೆ.

ಈಗ ತಟ್ಟೆ ನೋಡಿ.
ಇದೇ ನಿಮ್ಮ ಪೋಸ್ಟರ್ ಅಂದ್ಕೊಳ್ಳಿ.
ತುಂಬಾ ಹಳದಿ.
ನಡುನಡುವೆ ಕರಿಬೇವಿನ ಹಸಿರು.
ಅಲ್ಲೊಂದು ಇಲ್ಲೊಂದು ಮೆಣಸಿನಕಾಯಿ ಕೆಂಪು.

ಡಿಸೈನರ್‌ಗಳ 60-30-10 ಸೂತ್ರ
ಹೇಳೋದೂ ಇದನ್ನೇ.
ಮುಖ್ಯ ಬಣ್ಣಕ್ಕೆ 60 ಭಾಗ,
ಜೊತೆ ಬಣ್ಣಕ್ಕೆ 30,
ಕಣ್ಣು ಸೆಳೆಯೋ ಬಣ್ಣಕ್ಕೆ ಬರೀ 10.

ಬಣ್ಣಗಳ ಚಕ್ರದಲ್ಲಿ
ಹಳದಿ, ಹಸಿರು ಅಕ್ಕಪಕ್ಕದವು,
ಹೊಂದಿಕೊಂಡು ಹೋಗುತ್ತವೆ.
ಕೆಂಪು ಹಸಿರಿಗೆ ಎದುರು,
ಅದಕ್ಕೇ ಎದ್ದು ಕಾಣುತ್ತೆ.

ಆದ್ರೆ ಬಿಳಿ ಮೇಲೆ ಹಳದಿ ಅಕ್ಷರ
ದಯವಿಟ್ಟು ಬೇಡ, ಓದೋಕಾಗಲ್ಲ.
ಹಸಿರು ಮೇಲೆ ಕೆಂಪೂ ಬೇಡ.
ಆ ಎರಡರ ವ್ಯತ್ಯಾಸ ಕಾಣದವರು
ನಮ್ಮ ನಡುವೆ ಎಷ್ಟೋ ಜನ ಇದ್ದಾರೆ.
ಹಳದಿ ಮೇಲೆ ಕಡು ಹಸಿರು ಬರೀರಿ,
ದೂರದಿಂದಲೂ ಓದಬಹುದು.

ತಿನ್ನೋಕೆ ಮುಂಚೆ ತಟ್ಟೆಯ ಫೋಟೋ ತೆಗೀರಿ.
ಅದರಿಂದಲೇ ಬಣ್ಣ ಎತ್ಕೊಂಡು
ಇವತ್ತೇ ಪೋಸ್ಟರ್ ಶುರು ಮಾಡಿ!