ಮಲ್ಟಿಪಲ್ ಸ್ಕ್ಲೆರೋಸಿಸ್: ಪುನಶ್ಚೇತನ ಚಿಕಿತ್ಸೆ ಏಕೆ ಕೈಗೆಟುಕುತ್ತಿಲ್ಲ?

ರೋಗನಿರೋಧಕ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಹೊದಿಕೆಯಾದ ಮೈಲಿನ್ ಮೇಲೆ ದಾಳಿ ಮಾಡಿ, ನರಸಂದೇಶಗಳ ಸಂಚಾರವನ್ನು ಕುಂಠಿತಗೊಳಿಸುವ ಕಾಯಿಲೆಯೇ ಮಲ್ಟಿಪಲ್ ಸ್ಕ್ಲೆರೋಸಿಸ್. ಜಗತ್ತಿನಲ್ಲಿ 28 ಲಕ್ಷಕ್ಕೂ ಹೆಚ್ಚು ಜನ ಇದರೊಂದಿಗೆ ಬದುಕುತ್ತಿದ್ದಾರೆ.

ಔಷಧಗಳು ಹೊಸ ದಾಳಿಗಳನ್ನು ತಗ್ಗಿಸಬಲ್ಲವಾದರೂ, ಈಗಾಗಲೇ ಕುಂದಿರುವ ನಡಿಗೆ, ಸಮತೋಲನ ಮತ್ತು ಮಾತನ್ನು ಸುಧಾರಿಸಲು ಫಿಸಿಯೋಥೆರಪಿ, ವಾಕ್ ಚಿಕಿತ್ಸೆ ಹಾಗೂ ದೈನಂದಿನ ಕೆಲಸಗಳನ್ನು ಸ್ವತಂತ್ರವಾಗಿ ಮಾಡಲು ನೆರವಾಗುವ ಆಕ್ಯುಪೇಷನಲ್ ಥೆರಪಿ ಸೇರಿದ ಪುನಶ್ಚೇತನ ಚಿಕಿತ್ಸೆ ಅಗತ್ಯ.

ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಕಡಿಮೆ ಮತ್ತು ಮಧ್ಯಮ ಆದಾಯದ ಕೆಲವು ದೇಶಗಳಲ್ಲಿ ಪುನಶ್ಚೇತನ ಬೇಕಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ಸಿಗುತ್ತಿಲ್ಲ. ತರಬೇತಿ ಪಡೆದ ಚಿಕಿತ್ಸಕರು ವಿರಳವಾಗಿದ್ದು, ಇರುವವರೂ ಹೆಚ್ಚಾಗಿ ದೊಡ್ಡ ನಗರಗಳಲ್ಲೇ ನೆಲೆಸಿರುತ್ತಾರೆ. ಶ್ರೀಮಂತ ದೇಶಗಳಲ್ಲಿಯೂ ಅನೇಕ ವಿಮೆಗಳು ನಿಗದಿತ ಸಂಖ್ಯೆಯ ಭೇಟಿಗಳಿಗಷ್ಟೇ ಹಣ ಕೊಡುವುದರಿಂದ, ಜೀವನಪರ್ಯಂತದ ಕಾಯಿಲೆಗೆ ಅಲ್ಪಾವಧಿಯ ಚಿಕಿತ್ಸೆ ಮಾತ್ರ ಲಭಿಸುತ್ತದೆ.

ಕಾಯಿಲೆಯ ಸ್ವರೂಪವೂ ಒಂದು ಅಡ್ಡಿ: ತೀವ್ರ ಆಯಾಸವಿರುವ, ದೇಹದ ಉಷ್ಣತೆ ಏರಿದರೆ ಲಕ್ಷಣಗಳು ತಾತ್ಕಾಲಿಕವಾಗಿ ಉಲ್ಬಣಿಸುವ ರೋಗಿಗೆ ದೂರದ ಆಸ್ಪತ್ರೆಯ ಪ್ರಯಾಣವೇ ಶಕ್ತಿಯನ್ನು ಹೀರುತ್ತದೆ.

ಭಾರತದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಈ ಕಾಯಿಲೆಯನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಆದರೆ ಕಾನೂನಿನ ಮಾನ್ಯತೆ ಫಲ ನೀಡಬೇಕಾದರೆ, ಮನೆಯಲ್ಲೇ ವ್ಯಾಯಾಮ ಕಲಿಸುವ ದೂರಚಿಕಿತ್ಸೆ ಮತ್ತು ತಾಲ್ಲೂಕು ಮಟ್ಟದ ಚಿಕಿತ್ಸಕರಂತಹ ವ್ಯವಸ್ಥೆಗಳು ಸಾರ್ವಜನಿಕ ಆರೋಗ್ಯ ಸೇವೆಯ ಭಾಗವಾಗಬೇಕು.