ಕೌದಿ ಹೊಲಿದು ಕಲಿತದ್ದು: ‘ಉಷ್ಣ’ ಪಾಠಕ್ಕೊಂದು ಬೋಧನೋಪಕರಣ

ಬೋಧನಾಭ್ಯಾಸದಲ್ಲಿ ನನ್ನ ಪಾಲಿಗೆ ಬಂದದ್ದು ಏಳನೇ ತರಗತಿಯ ‘ಉಷ್ಣ’ ಪಾಠ. ಒಂದು ದಪ್ಪ ಹೊದಿಕೆಗಿಂತ ಎರಡು ತೆಳು ಹೊದಿಕೆಗಳು ಏಕೆ ಬೆಚ್ಚಗಿರುತ್ತವೆ? ಇದಕ್ಕೆ ಚಾರ್ಟ್ ಬರೆಯುವ ಬದಲು ಕೌದಿಯನ್ನೇ ಹೊಲಿದು ಒಯ್ಯಲು ನಿರ್ಧರಿಸಿದೆ. ದೇವರಾಜ ಮೊಹಲ್ಲಾದ ನಮ್ಮ ಮನೆಯಲ್ಲಿ ಅಜ್ಜಿಯ ನೆನಪಿಗೆ ಉಳಿದಿದ್ದ ಎರಡು ಹತ್ತಿ ಸೀರೆಗಳೂ ಅಮ್ಮನ ಹೊಲಿಗೆ ಯಂತ್ರವೂ ಇದ್ದವು. ಅನುಭವ ಮಾತ್ರ ಇರಲಿಲ್ಲ.

ಮೊದಲ ಪ್ರಯತ್ನ ಕೆಟ್ಟಿತು. ಅಂಚಿನಿಂದ ನೇರವಾಗಿ ಹೊಲಿಯುತ್ತಾ ಹೋದೆ. ನಡುವಿಗೆ ಬರುವಷ್ಟರಲ್ಲಿ ಬಟ್ಟೆ ನೆರಿಗೆಗಟ್ಟಿತ್ತು. ಹೊಲಿಗೆ ಬಿಚ್ಚಲು ಎರಡು ಸಂಜೆ ಹಿಡಿಯಿತು, ಹಳೆಯ ಸೀರೆ ಒಂದೆಡೆ ಹರಿದೂ ಹೋಯಿತು.

ಕಾರಣವೇನು?

ಯಂತ್ರದ ಹಲ್ಲುಗಳು ಕೆಳಪದರವನ್ನು ಎಳೆಯುತ್ತವೆ. ಮೇಲಿನ ಪಾದ ಮೇಲ್ಪದರವನ್ನು ಒತ್ತಿ ತಡೆಯುತ್ತದೆ. ಪದರಗಳು ಒಂದೇ ವೇಗದಲ್ಲಿ ಸಾಗದೆ, ಹೆಚ್ಚಾದ ಬಟ್ಟೆ ಮುಂದೆ ಗುಡ್ಡೆಯಾಗುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಹೊಲಿಯುತ್ತಾರೆ. ಕೈಹೊಲಿಗೆಯಲ್ಲಿ ಪ್ರತಿ ಎಳೆಗೂ ಬಟ್ಟೆ ಸವರಿಕೊಳ್ಳಬಹುದು. ಯಂತ್ರಕ್ಕೆ ಆ ಕ್ರಮ ಒಗ್ಗಲಿಲ್ಲ.

ಹೊಸಬರಿಗೆ ಕ್ರಮ

1. ಬಟ್ಟೆಗಳನ್ನು ಮೊದಲೇ ಒಗೆದು ಇಸ್ತ್ರಿ ಮಾಡಿ. ಹೊಸ ಹತ್ತಿ ಬಟ್ಟೆ ಸೇರಿಸಿದರೆ ಅದು ಆಮೇಲೆ ಕುಗ್ಗಿ ಕೌದಿಯನ್ನು ಸೊಟ್ಟ ಮಾಡುತ್ತದೆ.
2. ಮೂರು ಅಡಿ ಚೌಕ ಸಾಕು. ದೊಡ್ಡದಾದರೆ ಯಂತ್ರದ ತೋಳಿನಡಿ ಹಿಡಿಸದು.
3. ಕೆಳಗಿನ ಸೀರೆಯನ್ನು ನೆಲಕ್ಕೆ ಬಿಗಿಯಾಗಿ ಹಾಸಿ. ಮೇಲೆ ಹಳೆಯ ಬೆಡ್‌ಶೀಟ್, ಅದರ ಮೇಲೆ ತುಂಡು ಜೋಡಿಸಿದ ಪದರ. ನಡುವಿನಿಂದ ಹೊರಕ್ಕೆ ಸವರಿ.
4. ಮೂರೂ ಪದರ ಹಿಡಿಯುವಂತೆ, ಗೇಣಿಗೊಂದು ಸಾಲು ಕಚ್ಚಾ ಹೊಲಿಗೆ ಹಾಕಿ. ನಾನು ಬಿಟ್ಟದ್ದು ಇದನ್ನೇ.
5. 16ನೇ ನಂಬರಿನ ಸೂಜಿ ಹಾಕಿ, ಹೊಲಿಗೆಯ ಉದ್ದ 3ರಿಂದ 4 ಮಿ.ಮೀ. ಇಡಿ. ಮೊದಲು ಇದೇ ಪದರಗಳ ಚೂರಿನ ಮೇಲೆ ಹೊಲಿದು ನೋಡಿ.
6. ಮೊದಲ ಸಾಲು ನಟ್ಟನಡುವೆ; ಉಳಿದವು ಅದರ ಎರಡೂ ಬದಿಗೆ, ನಾಲ್ಕು ಬೆರಳಿನ ಅಂತರದಲ್ಲಿ. ಹೊಲಿಯದ ಭಾಗವನ್ನು ಸುರುಳಿ ಸುತ್ತಿಕೊಳ್ಳಿ. ಬಟ್ಟೆಯನ್ನು ಎಳೆಯಬೇಡಿ.
7. ಕೊನೆಗೆ ಅಂಚುಪಟ್ಟಿ ಹೊಲಿದು, ಕಚ್ಚಾ ಹೊಲಿಗೆ ಬಿಚ್ಚಿ.

ತರಗತಿಯಲ್ಲಿ

ಪದರಗಳ ನಡುವಿನ ಗಾಳಿ ಉಷ್ಣದ ದುರ್ವಾಹಕ ಎಂದು ವಿವರಿಸುತ್ತಿದ್ದೆ. ಒಬ್ಬ ಹುಡುಗಿ, “ಮಿಸ್, ಹೊಲಿಗೆ ಹಾಕಿದಲ್ಲಿ ಗಾಳಿಯೇ ಇಲ್ಲವಲ್ಲ?” ಎಂದಳು. ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಕೌದಿಯನ್ನು ಅವಳ ಕೈಗೇ ಕೊಟ್ಟೆ. ಸಾಲಿನ ಮೇಲೆ ಒತ್ತಿ, ಸಾಲುಗಳ ನಡುವೆ ಒತ್ತಿ, “ಇಲ್ಲಿ ಉಬ್ಬಿದೆ” ಎಂದಳು. ಸಾಲುಗಳು ತೀರಾ ಒತ್ತೊತ್ತಾದರೆ ಬೆಚ್ಚಗಿರುವುದು ಕಡಿಮೆಯಾಗುತ್ತದೆ, ತೀರಾ ದೂರವಾದರೆ ಪದರ ಜಾರುತ್ತದೆ ಎಂಬುದನ್ನು ಮಕ್ಕಳೇ ಹೇಳಿದರು.

ಹರಿದ ಜಾಗಕ್ಕೆ ಹಾಕಿದ ತೇಪೆಯನ್ನೂ ತೋರಿಸಿದೆ. ನೆರಿಗೆಗಟ್ಟಿದ್ದ ಕಥೆ ಹೇಳಿದ ಮೇಲೆಯೇ ಹಿಂದಿನ ಬೆಂಚಿನಿಂದಲೂ ಪ್ರಶ್ನೆಗಳು ಬಂದವು. ಮುಂದಿನ ಸಲ ಪಾಠ ಮಾಡುವಾಗ ಆ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.